ಮಿಡ್‌ವೇ ಆಟ, ಬೆಳಗ್ಗೆ 8:20: ಇದ್ದಷ್ಟು ವಿಮಾನ ಈಗಲೇ ಕಳಿಸಲಾ, ಕಾಯಲಾ?

ಉಣಕಲ್_ಕೆರೆ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಪೆಸಿಫಿಕ್ ಕ್ಯಾರಿಯರ್ (ವಿಮಾನ ಹೊರುವ ಯುದ್ಧಹಡಗು) ಕಾಳಗದ ಆಟ ಆಡುವವರು ಇಲ್ಲಿ ಒಂದಷ್ಟು ಜನ ಇದ್ದೀರಿ, ನಿಮ್ಮ ಸಲಹೆ ಬೇಕು.

ಗದಗಿನಲ್ಲಿರುವ ನಮ್ಮ ದೊಡ್ಡಪ್ಪನ ಮಗನ ಜೊತೆ ಮೇಲ್ ಮೂಲಕ ಮಿಡ್‌ವೇ ದ್ವೀಪದ ಯುದ್ಧ ಆಡುತ್ತಿದ್ದೇನೆ. ನನ್ನದು ಜಪಾನ್, ಅಣ್ಣನದು ಅಮೆರಿಕ. ಆಟದ ಗಡಿಯಾರದಲ್ಲಿ ಈಗ 1942ರ ಜೂನ್ 4, ಬೆಳಗ್ಗೆ 8:20. ನನ್ನ ಕ್ಯಾರಿಯರ್‌ಗಳು ಅಕಾಗಿ, ಕಾಗಾ, ಸೋರ್ಯು, ಹಿರ್ಯು ನಾಲ್ಕೂ ಒಟ್ಟಿಗೇ ಇವೆ. ಮಿಡ್‌ವೇ ದ್ವೀಪದ ಮೇಲೆ ಬಾಂಬು ಹಾಕಲು ಹೋಗಿದ್ದ ವಿಮಾನಗಳು ವಾಪಸ್ ಬಂದು ತಲೆ ಮೇಲೆ ಸುತ್ತುತ್ತಿವೆ. ಪೆಟ್ರೋಲ್ ಕಡಿಮೆ ಇದೆ, ಕೆಲವಕ್ಕೆ ಪೆಟ್ಟೂ ಬಿದ್ದಿದೆ. ಕೆಳಗೆ ಹ್ಯಾಂಗರಿನಲ್ಲಿ (ವಿಮಾನ ನಿಲ್ಲಿಸುವ ಅಂತಸ್ತು) ಅಕಾಗಿ, ಕಾಗಾದ ಟಾರ್ಪೆಡೊ (ನೀರಿನೊಳಗೆ ಓಡಿ ಹಡಗಿಗೆ ಬಡಿಯುವ ಅಸ್ತ್ರ) ವಿಮಾನಗಳು ನಿಂತಿವೆ. ಅವುಗಳಲ್ಲಿ ಕೆಲವಕ್ಕೆ ಟಾರ್ಪೆಡೊ ಇದೆ, ಕೆಲವಕ್ಕೆ ದ್ವೀಪಕ್ಕೆಂದು ಕಟ್ಟಿದ ಬಾಂಬು ಇದೆ. ಹಿರ್ಯು, ಸೋರ್ಯು ಎರಡರಲ್ಲೂ ಸೇರಿ ಸುಮಾರು 35 ಡೈವ್ ಬಾಂಬರ್ (ಮೇಲಿಂದ ಧುಮುಕಿ ಬಾಂಬು ಹಾಕುವ ವಿಮಾನ) ತಯಾರಾಗುತ್ತವೆ. ಜೊತೆಗೆ ಕಳಿಸಲು ಜೀರೋ ಫೈಟರ್ ಹತ್ತೂ ಸಿಗುವುದಿಲ್ಲ, ಉಳಿದವೆಲ್ಲ ಕಾವಲಿಗೆ ಮೇಲಿವೆ.

ಈಗಷ್ಟೇ ಸ್ಕೌಟ್ (ಶತ್ರುವನ್ನು ಹುಡುಕುವ ವಿಮಾನ) ವರದಿ ಬಂದಿದೆ. ಪೂರ್ವ ಈಶಾನ್ಯಕ್ಕೆ ಸುಮಾರು 200 ಮೈಲಿ ದೂರದಲ್ಲಿ "ಒಂದು ಕ್ಯಾರಿಯರ್ ಇರುವಂತಿದೆ" ಅಂತೆ.

ಈಗಲೇ 35 ಕಳಿಸಿದರೆ, ಡೆಕ್ (ವಿಮಾನ ಏರಿಳಿಯುವ ಹಡಗಿನ ಮೇಲ್ಭಾಗ) ಖಾಲಿಯಾಗುವ ತನಕ ಮೇಲೆ ಸುತ್ತುವವು ಇಳಿಯುವಂತಿಲ್ಲ. ಒಂದಷ್ಟು ಸಮುದ್ರಕ್ಕೆ ಬೀಳುತ್ತವೆ. ಮೊದಲು ಇಳಿಸಿಕೊಂಡು, ಎಲ್ಲಕ್ಕೂ ಟಾರ್ಪೆಡೊ ಕಟ್ಟಿ, ಪೂರ್ತಿ ಬಲದಿಂದ ಹೋಗಬೇಕೆಂದರೆ 10:30 ದಾಟುತ್ತದೆ. ಶನಿವಾರ ರಾತ್ರಿಯೊಳಗೆ ಟರ್ನ್ (ನನ್ನ ಸರದಿಯ ಆದೇಶ) ಕಳಿಸಬೇಕು. ನೀವಾದರೆ ಏನು ಮಾಡುತ್ತೀರಿ?

ಗೋಕುಲ_ರೋಡ್ (ಹುಬ್ಬಳ್ಳಿ)

ಈಗಲೇ ಕಳಿಸಿ. ನಿಜವಾದ ಯುದ್ಧದಲ್ಲಿ ಹಿರ್ಯುದಿಂದ ಅಡ್ಮಿರಲ್ ಯಮಾಗುಚಿ ಅವತ್ತು ಪಡೆಯ ಮುಖ್ಯಸ್ಥ ನಗುಮೊಗೆ ಹೇಳಿ ಕಳಿಸಿದ್ದೂ ಇದನ್ನೇ. ನಗುಮೊ ಕಾದ, ಮೂರು ಕ್ಯಾರಿಯರ್ ಕಳೆದುಕೊಂಡ. ಶತ್ರುವಿನ ಡೆಕ್ ಮೇಲೆ ಮೊದಲು ತೂತು ಹಾಕಿದವನೇ ಗೆಲ್ಲುತ್ತಾನೆ.

ಸಪ್ತಾಪುರ_ಬಾವಿ (ಧಾರವಾಡ)

ಇಷ್ಟು ಸಲೀಸಾಗಿ ಹೇಳಬೇಡಿ. ನಗುಮೊ ಯಾಕೆ ಕಾದ ಎಂದು ಅವನ ಜಾಗದಲ್ಲಿ ನಿಂತು ನೋಡಿ. ಅವತ್ತು ಬೆಳಗ್ಗೆ ಏಳು ಗಂಟೆಯಿಂದ ಮಿಡ್‌ವೇ ದ್ವೀಪದ ವಿಮಾನಗಳು ಒಂದಾದ ಮೇಲೆ ಒಂದು ಗುಂಪಾಗಿ ಅವನ ಮೇಲೆ ಬಂದವು. ಒಂದಕ್ಕೂ ಫೈಟರ್ ಬೆಂಗಾವಲು ಇರಲಿಲ್ಲ. 6 ಅವೆಂಜರ್ ಟಾರ್ಪೆಡೊ ವಿಮಾನ ಬಂದು 5 ಬಿದ್ದವು. 4 ಬಿ-26 ಬಾಂಬರ್ ಬಂದು 2 ಬಿದ್ದವು. ಆಮೇಲೆ ಬಂದ ಮರೀನ್ ಕೋರ್‌ನ ಡೈವ್ ಬಾಂಬರ್‌ಗಳಲ್ಲೂ ಅರ್ಧ ಹೋದವು. ಇಷ್ಟು ಜನ ಸತ್ತರೂ ಅವನ ಹಡಗಿಗೆ ಒಂದು ಬಾಂಬೂ ತಾಗಲಿಲ್ಲ.

ಬೆಂಗಾವಲಿಲ್ಲದ ದಾಳಿ ಏನಾಗುತ್ತದೆ ಎಂದು ಕಣ್ಣಾರೆ ನೋಡಿದ ಮನುಷ್ಯ, ಒಂದು ಗಂಟೆ ಆಗುವುದರೊಳಗೆ ತನ್ನದೇ 35 ವಿಮಾನಗಳನ್ನು ಹಾಗೇ ಕಳಿಸುತ್ತಾನಾ? ಮೇಲೆ ಸುತ್ತುತ್ತಿದ್ದವರು ಪರ್ಲ್ ಹಾರ್ಬರ್‌ನಿಂದ ಜೊತೆಗಿದ್ದ ಪೈಲಟ್‌ಗಳು. ಅವರನ್ನು ನೀರಿಗೆ ಬಿಡು ಎಂದು ಹೇಳುವುದು ಕಂಪ್ಯೂಟರ್ ಮುಂದೆ ಕುಳಿತ ನಮಗೆ ಸುಲಭ.

ನಾನಾದರೆ ಇಳಿಸಿಕೊಳ್ಳುತ್ತೇನೆ. ಅಷ್ಟೂ ಹೊತ್ತು ಪೂರ್ತಿ ವೇಗದಲ್ಲಿ ಉತ್ತರಕ್ಕೆ ಓಡುತ್ತೇನೆ.

ಗೋಕುಲ_ರೋಡ್

ನೀವು ಹೇಳಿದ್ದು ಸರಿ, ಆದರೆ ಅರ್ಧ ಕಥೆ. ಅದೇ ದಿನ ಮಧ್ಯಾಹ್ನ ಹಿರ್ಯು ಒಂದೇ ಉಳಿದಾಗ 18 ಡೈವ್ ಬಾಂಬರ್‌ಗೆ ಬರೀ 6 ಜೀರೋ ಕೊಟ್ಟು ಕಳಿಸಿತು. 13 ಡೈವ್ ಬಾಂಬರ್ ವಾಪಸ್ ಬರಲಿಲ್ಲ. ಆದರೂ ಅಮೆರಿಕದ ಯಾರ್ಕ್‌ಟೌನ್ ಕ್ಯಾರಿಯರ್ ಮೇಲೆ 3 ಬಾಂಬು ಬಿದ್ದು ಅದು ನಿಂತೇ ಹೋಯಿತು. ಹದಿನೆಂಟಕ್ಕೆ ಇಷ್ಟು ಸಾಧ್ಯವಾದರೆ ಮೂವತ್ತೈದಕ್ಕೆ ಎಷ್ಟು? ನೀವೇ ಲೆಕ್ಕ ಹಾಕಿ.

ಬ್ಯಾಡಗಿ_ಖಾರ

ಯಾವ ಆಟ ಇದು? ನನ್ನ ಲ್ಯಾಪ್‌ಟಾಪ್‌ಗೆ 4 ಜಿಬಿ ರ‍್ಯಾಮ್ ಅಷ್ಟೇ ಇದೆ, ನಡೆಯುತ್ತಾ?

ಲಕ್ಕುಂಡಿ_ಕಲ್ಲು (ಗದಗ)

ಬ್ಯಾಡಗಿಯವರೇ, ಈ ಜಾತಿಯ ಆಟಗಳಿಗೆ ದೊಡ್ಡ ಕಂಪ್ಯೂಟರ್ ಬೇಕಿಲ್ಲ. ಒಂದು ನಕಾಶೆ, ಅದರ ಮೇಲೆ ಚಿಕ್ಕ ಚಿಕ್ಕ ಗುರುತುಗಳು, ಪಕ್ಕದಲ್ಲಿ ವಿಮಾನಗಳ ಪಟ್ಟಿ. ಆಸ್ಟ್ರೇಲಿಯಾದ ಎಸ್‌ಎಸ್‌ಜಿ ಕಂಪನಿಯವರ ಕ್ಯಾರಿಯರ್ಸ್ ಅಟ್ ವಾರ್ 1984ರಲ್ಲೇ ಬಂದಿತ್ತು. ಆಗಿನ ಯಂತ್ರಗಳಲ್ಲೇ ಓಡುತ್ತಿತ್ತು ಎಂದರೆ ನೋಡಿ. ಇಡೀ ಯುದ್ಧ ಆಡಬೇಕು ಅನ್ನುವವರಿಗೆ ವಾರ್ ಇನ್ ದ ಪೆಸಿಫಿಕ್, ಅಡ್ಮಿರಲ್ಸ್ ಎಡಿಷನ್ ಇದೆ. 1941ರ ಡಿಸೆಂಬರ್‌ನಿಂದ ದಿನಕ್ಕೊಂದು ಟರ್ನ್. ಇಬ್ಬರು ಕೂತು ಮುಗಿಸಲು ವರ್ಷಗಟ್ಟಲೆ ಬೇಕು. ಹೊಸಬರು ಅದಕ್ಕೆ ಕೈ ಹಾಕಬೇಡಿ. ಒಂದೇ ಯುದ್ಧದ ಚಿಕ್ಕ ಆಟದಿಂದ ಶುರು ಮಾಡಿ, ಮೊದಲು ಕೋರಲ್ ಸಮುದ್ರ, ಆಮೇಲೆ ಮಿಡ್‌ವೇ.

ಬ್ಯಾಡಗಿ_ಖಾರ

ಥ್ಯಾಂಕ್ಸ್ ರೀ. ಕೋರಲ್ ಸಮುದ್ರ ಯಾಕೆ ಮೊದಲು?

ಲಕ್ಕುಂಡಿ_ಕಲ್ಲು

ಎರಡೂ ಕಡೆ ದೊಡ್ಡ ಕ್ಯಾರಿಯರ್ ಎರಡೆರಡೇ. ಲೆಕ್ಕ ಇಡುವುದು ಸುಲಭ. ಮತ್ತೆ ಸ್ಕೌಟಿಂಗ್ ಅಂದರೆ ಏನು ಎಂದು ಅಲ್ಲಿ ಕಲಿತಷ್ಟು ಬೇರೆಲ್ಲೂ ಕಲಿಯುವುದಿಲ್ಲ. 1942ರ ಮೇ 7ರಂದು ಜಪಾನಿನ ಸ್ಕೌಟ್ "ಒಂದು ಕ್ಯಾರಿಯರ್, ಒಂದು ಕ್ರೂಸರ್" ಎಂದು ವರದಿ ಕೊಟ್ಟ. ಜಪಾನಿನ ಕ್ಯಾರಿಯರ್ ಶೋಕಾಕು, ಝುಯಿಕಾಕು ಎರಡೂ ಪೂರ್ತಿ ಬಲ ಕಳಿಸಿದವು. ಹೋಗಿ ನೋಡಿದರೆ ಅಲ್ಲಿದ್ದದ್ದು ನಿಯೋಶೊ ಎಂಬ ತೈಲದ ಹಡಗು, ಜೊತೆಗೆ ಸಿಮ್ಸ್ ಎಂಬ ಡಿಸ್ಟ್ರಾಯರ್. ಅವತ್ತು ಸಂಜೆ ಇನ್ನೊಂದು ಗುಂಪು ಹುಡುಕಿ ಹುಡುಕಿ, ಕತ್ತಲಾಗಿ, ಅದರಲ್ಲಿ ಕೆಲವರು ಯಾರ್ಕ್‌ಟೌನನ್ನೇ ತಮ್ಮ ಹಡಗು ಎಂದುಕೊಂಡು ಇಳಿಯಲು ಸಾಲು ಹಿಡಿದರು! ಇಷ್ಟೆಲ್ಲ ನಡೆದದ್ದು ಅತ್ಯುತ್ತಮ ತರಬೇತಿ ಪಡೆದವರ ಕೈಯಲ್ಲಿ.

ಅದಕ್ಕೇ ಉಣಕಲ್ ಅವರಿಗೆ ನನ್ನ ಪ್ರಶ್ನೆ. ವರದಿಯಲ್ಲಿ "ಇರುವಂತಿದೆ" ಎಂದಿದೆ. ಅದನ್ನು ನಂಬಿ 35 ವಿಮಾನ ಕಳಿಸುವ ಮುಂಚೆ ಇನ್ನೊಂದು ಸ್ಕೌಟ್ ಹತ್ತಿರ ಇದೆಯಾ?

ಉಣಕಲ್_ಕೆರೆ

ನನ್ನ ಕ್ರೂಸರ್ ಚಿಕುಮಾದ ಒಂದು ವಿಮಾನ ಪಕ್ಕದ ದಿಕ್ಕಿನಲ್ಲಿದೆ. ಅದು ಏನೂ ಕಂಡಿಲ್ಲ ಎಂದೇ ಹೇಳುತ್ತಿದೆ. ಮೋಡ ಜಾಸ್ತಿ ಇದೆ.

ಕೆಲಗೇರಿ_ದಂಡೆ (ಧಾರವಾಡ)

ನಿಜವಾದ ಯುದ್ಧದಲ್ಲೂ ಹಾಗೇ ಆಯಿತು. ಎಲ್ಲರೂ ಟೋನೆ ಎಂಬ ಕ್ರೂಸರ್‌ನ ನಾಲ್ಕನೇ ಸ್ಕೌಟ್ ವಿಮಾನ ಅರ್ಧ ಗಂಟೆ ತಡವಾಗಿ ಹೊರಟದ್ದನ್ನೇ ದೂರುತ್ತಾರೆ. ಮೋಡದ ಮೇಲೆ ಹಾರಿ ಅಮೆರಿಕನ್ನರನ್ನು ಕಾಣದೇ ಹೋದ ಚಿಕುಮಾದ ವಿಮಾನದ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದು ಕಂಡಿದ್ದರೆ ನಗುಮೊಗೆ ಬೇಕಾದಷ್ಟು ಸಮಯ ಸಿಗುತ್ತಿತ್ತು. ಇಡೀ ಈಶಾನ್ಯ, ಪೂರ್ವ, ದಕ್ಷಿಣಕ್ಕೆ ಸೇರಿಸಿ ಅವನು ಕಳಿಸಿದ ಸ್ಕೌಟ್ ವಿಮಾನ 7 ಮಾತ್ರ. ಇದೇ ಮೂಲ ಸಮಸ್ಯೆ. ದಾಳಿಗೆ ವಿಮಾನ ಉಳಿಸಬೇಕು ಎಂದು ಹುಡುಕುವುದರಲ್ಲಿ ಜಿಪುಣತನ ಮಾಡಿದರು.

ಇನ್ನೊಂದು ಮಾತು. "ಇನ್ನು ಐದೇ ನಿಮಿಷ ಸಿಕ್ಕಿದ್ದರೆ ಜಪಾನ್ ಗೆಲ್ಲುತ್ತಿತ್ತು, ಡೆಕ್ ಮೇಲೆ ವಿಮಾನಗಳು ಹೊರಡಲು ಸಾಲಾಗಿ ನಿಂತಿದ್ದವು" ಎಂಬ ಕಥೆ ಇನ್ನೂ ಓಡುತ್ತಿದೆ. ಇದು ಅಕಾಗಿಯಲ್ಲಿದ್ದ ವಿಮಾನ ದಳದ ಅಧಿಕಾರಿ ಫುಚಿಡಾ ಯುದ್ಧದ ನಂತರ ಬರೆದದ್ದು. ಜಪಾನಿನ ಹಡಗುಗಳ ವಿಮಾನ ದಾಖಲೆಗಳನ್ನು ನೋಡಿದರೆ ಹೊಂದುವುದೇ ಇಲ್ಲ. ಅಮೆರಿಕದ ಬಾಂಬು ಬಿದ್ದ 10:20ರ ಹೊತ್ತಿಗೆ ಡೆಕ್‌ಗಳ ಮೇಲೆ ಕಾವಲಿನ ಜೀರೋಗಳು ಇಳಿಯುತ್ತ ಏರುತ್ತ ಇದ್ದವು. ದಾಳಿಯ ವಿಮಾನಗಳು ಇನ್ನೂ ಕೆಳಗೆ ಹ್ಯಾಂಗರಿನಲ್ಲೇ ಇದ್ದವು. ಅವನ್ನು ಲಿಫ್ಟ್‌ನಲ್ಲಿ ಮೇಲೆ ತಂದು, ಸಾಲು ಹಚ್ಚಿ, ಎಂಜಿನ್ ಬಿಸಿ ಮಾಡಲು ಮುಕ್ಕಾಲು ಗಂಟೆಯಾದರೂ ಬೇಕು. ನಡುವೆ ಜೀರೋ ಒಂದು ಇಳಿಯಲು ಬಂದರೆ ಅಷ್ಟೂ ಕೆಲಸ ನಿಲ್ಲುತ್ತದೆ.

ಜೀರೋ ಪದೇ ಪದೇ ಇಳಿಯುತ್ತಿದ್ದದ್ದು ಯಾಕೆ ಗೊತ್ತಾ? ಅದರ 20 ಮಿಲಿಮೀಟರ್ ಬಂದೂಕಿಗೆ ತಲಾ 60 ಗುಂಡು ಮಾತ್ರ. ಕೆಲವೇ ಸೆಕೆಂಡಿನಲ್ಲಿ ಖಾಲಿ. ಅಮೆರಿಕದ ಟಾರ್ಪೆಡೊ ಸ್ಕ್ವಾಡ್ರನ್‌ಗಳು ಒಂದಾದ ಮೇಲೊಂದು ಬಂದು ಏನೂ ತಾಗಿಸದಿದ್ದರೂ ಜಪಾನಿನ ಡೆಕ್‌ಗಳಿಗೆ ಬಿಡುವು ಸಿಗದ ಹಾಗೆ ಮಾಡಿದವು. ಆಟದಲ್ಲಿ ಕಾವಲು ಹೆಚ್ಚಿಸಿದಷ್ಟೂ ದಾಳಿ ತಡವಾಗುತ್ತದೆ. ಒಳ್ಳೆಯ ಆಟ ಅಂದರೆ ಇದನ್ನು ತೋರಿಸಬೇಕು.

ನೃಪತುಂಗ_ಬೆಟ್ಟ (ಹುಬ್ಬಳ್ಳಿ)

ನಾನು ಪಿಯುಸಿಗೆ ಇತಿಹಾಸ ಹೇಳಿಕೊಡುವವಳು. ನಮ್ಮ ಮನೆಯಲ್ಲಿ ಮಗ ಈ ಆಟ ಆಡುತ್ತಾನೆ, ಹಾಗಾಗಿ ಓದುತ್ತಿದ್ದೇನೆ. ಒಂದು ಮಾತು ಹೇಳಲೇಬೇಕು. "ಟಾರ್ಪೆಡೊ ಸ್ಕ್ವಾಡ್ರನ್‌ಗಳು ಬಿಡುವು ಸಿಗದ ಹಾಗೆ ಮಾಡಿದವು" ಎಂದು ಒಂದು ಸಾಲಿನಲ್ಲಿ ಬರೆದಿರಿ. ಅಮೆರಿಕದ ಹಾರ್ನೆಟ್ ಕ್ಯಾರಿಯರ್‌ನ ಎಂಟನೇ ಟಾರ್ಪೆಡೊ ಸ್ಕ್ವಾಡ್ರನ್‌ನ 15 ವಿಮಾನ, 30 ಜನ. 15ಕ್ಕೆ 15 ವಿಮಾನವೂ ಬಿದ್ದವು, ಉಳಿದದ್ದು ಜಾರ್ಜ್ ಗೇ ಒಬ್ಬನೇ. ಹಡಗಿನಲ್ಲಿ ಸುಟ್ಟುಹೋದ ಜಪಾನಿನ ಮೆಕ್ಯಾನಿಕ್‌ಗಳು ಎಷ್ಟು ಜನ! ಆಡಿ, ಬೇಡ ಅನ್ನುವುದಿಲ್ಲ. ಆದರೆ ಆ ಸಂಖ್ಯೆಗಳ ಹಿಂದೆ ಮನೆ ಇದ್ದವರು ಇದ್ದರು ಎಂದು ನನ್ನ ಮಗನಿಗೆ ನಾನು ಪ್ರತಿ ಸಲ ಹೇಳುತ್ತೇನೆ.

ಕೆಲಗೇರಿ_ದಂಡೆ

ಅಕ್ಕಾ, ನೀವು ಹೇಳಿದ್ದನ್ನು ಒಪ್ಪುತ್ತೇನೆ. ಅವರ ವಿಮಾನ ಡೆವಾಸ್ಟೇಟರ್, ದಾಳಿಗೆ ಬರುವಾಗ ನಮ್ಮ ಹೈವೇ ಬಸ್ಸಿಗಿಂತ ಎರಡು ಪಟ್ಟು ವೇಗ ಅಷ್ಟೇ. ಕೆಳಗೆ ಕಟ್ಟಿದ ಟಾರ್ಪೆಡೊ ಸರಿಯಾಗಿ ಓಡಬೇಕೆಂದರೆ ತೀರಾ ಕೆಳಕ್ಕೆ ಬಂದು, ನಿಧಾನವಾಗಿ, ನೇರವಾಗಿ ಹಾರಬೇಕಿತ್ತು. ಇದೆಲ್ಲ ಗೊತ್ತಿದ್ದೂ ಹೋದವರು ಅವರು. ನಾನು ಆ ದೃಶ್ಯ ಬಂದಾಗ ಆಟವನ್ನು ಫಾಸ್ಟ್ ಮಾಡುವುದಿಲ್ಲ, ಪೂರ್ತಿ ನೋಡುತ್ತೇನೆ.

ಹಳೆ_ನಾವಿಕ (ರಾಣೆಬೆನ್ನೂರು)

ನಾನು ನೌಕಾಪಡೆಯಿಂದ ನಿವೃತ್ತ. ಐಎನ್‌ಎಸ್ ವಿರಾಟ್ ಮೇಲೆ ಕೆಲಸ ಮಾಡಿದವನು. ಆಟ ಆಡಿಲ್ಲ, ಮೊಮ್ಮಗ ಈ ಚರ್ಚೆ ತೋರಿಸಿದ. ಡೆಕ್ ಬಗ್ಗೆ ಸ್ವಲ್ಪ ಹೇಳುತ್ತೇನೆ, ನಿಮ್ಮ "ಮುಕ್ಕಾಲು ಗಂಟೆ" ಯಾಕೆ ಬೇಕು ಎಂದು ತಿಳಿಯಲಿ.

ವಿಮಾನ ಹಾರುವ ಮುಂಚೆ ನಾವೆಲ್ಲ ಡೆಕ್‌ನ ಒಂದು ತುದಿಯಲ್ಲಿ ಭುಜಕ್ಕೆ ಭುಜ ಹಚ್ಚಿ ಸಾಲಾಗಿ ನಿಲ್ಲುತ್ತಿದ್ದೆವು. ತಲೆ ಬಗ್ಗಿಸಿ, ನಿಧಾನವಾಗಿ ಹೆಜ್ಜೆ ಹಾಕುತ್ತ ಇನ್ನೊಂದು ತುದಿಯ ತನಕ ಹೋಗಬೇಕು. ಒಂದು ನಟ್ಟು, ಒಂದು ತಂತಿ ತುಂಡು, ಚಿಕ್ಕ ಕಲ್ಲು, ಬಟ್ಟೆ ಚೂರು, ಏನು ಕಂಡರೂ ಎತ್ತಿ ಚೀಲಕ್ಕೆ ಹಾಕಬೇಕು. ಜೆಟ್ ಎಂಜಿನ್ ಅದನ್ನು ಎಳೆದುಕೊಂಡರೆ ವಿಮಾನವೂ ಹೋಯಿತು, ಪೈಲಟ್ಟೂ ಹೋದ. ಅಡ್ಮಿರಲ್ ಬಂದರೂ ಈ ನಡಿಗೆ ತಪ್ಪಿಸುವಂತಿರಲಿಲ್ಲ. ಶಾಂತಿಯ ಕಾಲದಲ್ಲಿ, ಒಳ್ಳೆಯ ಹವಾಮಾನದಲ್ಲಿ, ಯಾರೂ ಮೇಲೆ ಬಾಂಬು ಹಾಕದಿರುವಾಗ ಇಷ್ಟು ಕೆಲಸ.

ಈಗ ಅಕಾಗಿಯ ಹ್ಯಾಂಗರ್ ನೆನೆಯಿರಿ. ಟಾರ್ಪೆಡೊ ಒಂದರ ತೂಕ 800 ಕಿಲೋಗಿಂತ ಜಾಸ್ತಿ. ಅದನ್ನು ಗಾಡಿಯ ಮೇಲೆ ತಂದು, ವಿಮಾನದ ಕೆಳಗೆ ನೂಕಿ, ಎತ್ತಿ, ಕೊಕ್ಕೆಗೆ ಸಿಗಿಸಬೇಕು. ಬಾಂಬಿನ ಕೊಕ್ಕೆ ಬೇರೆ, ಟಾರ್ಪೆಡೊ ಕೊಕ್ಕೆ ಬೇರೆ. ಹಡಗು ಬಾಂಬು ತಪ್ಪಿಸಿಕೊಳ್ಳಲು ಗರಗರ ತಿರುಗುತ್ತಿದೆ, ನೆಲ ವಾಲುತ್ತಿದೆ. ಬಿಚ್ಚಿದ ಬಾಂಬುಗಳನ್ನು ಕೆಳಗಿನ ಉಗ್ರಾಣಕ್ಕೆ ಇಳಿಸಲು ಸಮಯವಿಲ್ಲದೇ ಗೋಡೆ ಪಕ್ಕಕ್ಕೇ ಇಟ್ಟರು. ವಿಮಾನಗಳ ಟ್ಯಾಂಕಿನಲ್ಲಿ ಪೆಟ್ರೋಲ್ ತುಂಬಿದೆ. ಜಪಾನಿನ ಹ್ಯಾಂಗರ್ ನಾಲ್ಕೂ ಕಡೆ ಮುಚ್ಚಿದ್ದು, ಗಾಳಿ ಆಡುವುದಿಲ್ಲ. ಅಲ್ಲಿ ಒಂದು ಬಾಂಬು ಸಾಕಾಯಿತು. ಅಕಾಗಿಗೆ ನೇರವಾಗಿ ಬಿದ್ದದ್ದು ಒಂದೇ.

ಅದಕ್ಕೆ ಪ್ರತಿಯಾಗಿ ಯಾರ್ಕ್‌ಟೌನ್‌ನವರು ಏನು ಮಾಡಿದರು? ದಾಳಿ ಬರುವುದು ರೇಡಾರ್‌ನಲ್ಲಿ ಕಂಡ ಕೂಡಲೇ ಪೆಟ್ರೋಲ್ ಪೈಪುಗಳನ್ನು ಖಾಲಿ ಮಾಡಿ ಇಂಗಾಲದ ಡೈಆಕ್ಸೈಡ್ ತುಂಬಿದರು. ಅವರದೇ ಲೆಕ್ಸಿಂಗ್ಟನ್ ಕ್ಯಾರಿಯರ್ ಕೋರಲ್ ಸಮುದ್ರದಲ್ಲಿ ಪೆಟ್ರೋಲ್ ಆವಿ ಸ್ಫೋಟದಿಂದ ಹೋಗಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ಆ ಪಾಠ ಅವರು ಕಲಿತಿದ್ದರು. ಜಪಾನಿನವರು 1944ರಲ್ಲಿ ಕೂಡ ಕಲಿತಿರಲಿಲ್ಲ. ತೈಹೊ ಎಂಬ ಹೊಚ್ಚ ಹೊಸ ಕ್ಯಾರಿಯರ್‌ಗೆ ಒಂದೇ ಟಾರ್ಪೆಡೊ ಬಡಿಯಿತು. ಆವಿ ಹೊರಹೋಗಲಿ ಎಂದು ಗಾಳಿಯ ದಾರಿಗಳನ್ನೆಲ್ಲ ತೆರೆದರು. ಆವಿ ಇಡೀ ಹಡಗಿಗೆ ಹರಡಿ ಕೆಲವು ಗಂಟೆ ಬಿಟ್ಟು ಹಡಗೇ ಸಿಡಿಯಿತು.

ಉಣಕಲ್_ಕೆರೆ

ಸರ್, ತುಂಬಾ ಧನ್ಯವಾದ. ಇಂಥ ವಿವರ ಆಟದ ಮ್ಯಾನ್ಯುಯಲ್‌ನಲ್ಲಿ ಇಲ್ಲ. ಇನ್ನೂ ಬರೆಯಿರಿ.

ಬ್ಯಾಡಗಿ_ಖಾರ

ಸರ್, ಕಾರವಾರಕ್ಕೆ ಹೋದರೆ ಕ್ಯಾರಿಯರ್ ನೋಡಲು ಬಿಡುತ್ತಾರಾ?

ಹಳೆ_ನಾವಿಕ

ತಮ್ಮಾ, ನೌಕಾನೆಲೆಯೊಳಗೆ ಸುಮ್ನೆ ಬಿಡುವುದಿಲ್ಲ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ಮ್ಯೂಸಿಯಂ ಮಾಡಿದ್ದಾರೆ. ಅದರೊಳಗೆ ಹೋಗಿ ನೋಡು. ಅಷ್ಟು ಚಿಕ್ಕ ಜಾಗದಲ್ಲಿ ಜನ ಹೇಗೆ ಇರುತ್ತಿದ್ದರು ಎಂದು ಗೊತ್ತಾಗುತ್ತದೆ. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟದ ಮೇಲೆ ಹೋಗು. ಮಳೆಗಾಲದಲ್ಲಿ ಬೇಡ.

ಹಾನಗಲ್_ತೋಟ (ಹಾವೇರಿ)

ಇದೇ ಜಪಾನಿನ ಪಡೆ ನಮ್ಮ ಕಡೆಗೂ ಬಂದಿತ್ತು ಎಂದು ಎಷ್ಟು ಜನಕ್ಕೆ ಗೊತ್ತು? 1942ರ ಏಪ್ರಿಲ್ 5ರಂದು ನಗುಮೊ ಕೊಲಂಬೊ ಮೇಲೆ ದಾಳಿ ಮಾಡಿದ. ಮರುದಿನ ರ್ಯುಜೊ ಎಂಬ ಚಿಕ್ಕ ಕ್ಯಾರಿಯರ್‌ನ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬು ಹಾಕಿದವು. 9ರಂದು ತ್ರಿಂಕೋಮಲಿ ಮೇಲೆ ದಾಳಿ, ಅವತ್ತೇ ಬ್ರಿಟಿಷರ ಹರ್ಮೀಸ್ ಕ್ಯಾರಿಯರ್ ಮುಳುಗಿತು.

ಈ ಚರ್ಚೆಗೆ ಬೇಕಾದ್ದು ಈಗ ಹೇಳುತ್ತೇನೆ. ಕೊಲಂಬೊದಲ್ಲೂ ಇದೇ ಸಿಕ್ಕು ಬಂದಿತ್ತು. ಎರಡನೇ ದಾಳಿಗೆಂದು ಟಾರ್ಪೆಡೊ ಬಿಚ್ಚಿ ಬಾಂಬು ಕಟ್ಟಲು ಹೇಳಿದ. ಅಷ್ಟರಲ್ಲಿ ಬ್ರಿಟಿಷ್ ಕ್ರೂಸರ್‌ಗಳು ಕಂಡವು. ಟಾರ್ಪೆಡೊ ವಿಮಾನ ತಯಾರಾಗಲಿಲ್ಲ, ಡೈವ್ ಬಾಂಬರ್‌ಗಳೇ ಹೋಗಿ ಕಾರ್ನ್‌ವಾಲ್, ಡಾರ್ಸೆಟ್‌ಶೈರ್ ಎರಡನ್ನೂ ಮುಳುಗಿಸಿದವು. ಮತ್ತೆ 9ರಂದು ಬ್ರಿಟಿಷರ 9 ಬ್ಲೆನ್‌ಹೈಮ್ ಬಾಂಬರ್ ಯಾರ ಕಣ್ಣಿಗೂ ಬೀಳದೇ ಅಕಾಗಿ ಮೇಲೆ ಬಂದು ಬಾಂಬು ಹಾಕಿದವು. ಒಂದೂ ತಾಗಲಿಲ್ಲ. ರೇಡಾರ್ ಇಲ್ಲ, ಕಾವಲಿನವರಿಗೆ ಗೊತ್ತೇ ಆಗಲಿಲ್ಲ. ಮಿಡ್‌ವೇಗೆ ಎರಡು ತಿಂಗಳ ಮೊದಲೇ ಅಷ್ಟೂ ಎಚ್ಚರಿಕೆ ಸಿಕ್ಕಿತ್ತು, ಗೆದ್ದ ಖುಷಿಯಲ್ಲಿ ಬಿಟ್ಟರು. ಹಾಗಾಗಿ ನಗುಮೊನ ಪಾಡು ನೋಡಿ ಮರುಗುವ ಸಪ್ತಾಪುರದವರ ಮಾತು ನಾನು ಪೂರ್ತಿ ಒಪ್ಪುವುದಿಲ್ಲ.

ಸಪ್ತಾಪುರ_ಬಾವಿ

ಏಪ್ರಿಲ್‌ನ ಪಾಠ ಕಲಿಯಲಿಲ್ಲ, ನಿಜ. ಆದರೆ ಆ ತಪ್ಪು ಅವನೊಬ್ಬನದಾ? ಕೋರಲ್ ಸಮುದ್ರದಲ್ಲಿ ಶೋಕಾಕು ಪೆಟ್ಟು ತಿಂದು ಮನೆಗೆ ಹೋಗಿತ್ತು. ಝುಯಿಕಾಕುಗೆ ಒಂದು ಗೀರೂ ಬಿದ್ದಿರಲಿಲ್ಲ, ವಿಮಾನ ಮತ್ತು ಪೈಲಟ್ ಕಡಿಮೆ ಇದ್ದರು ಎಂದು ಅದನ್ನೂ ಬಂದರಿನಲ್ಲೇ ಬಿಟ್ಟರು. ಅತ್ತ ಅಮೆರಿಕನ್ನರು 90 ದಿನ ಬೇಕು ಎಂದಿದ್ದ ಯಾರ್ಕ್‌ಟೌನನ್ನು ಪರ್ಲ್ ಹಾರ್ಬರ್‌ನಲ್ಲಿ ಮೂರು ದಿನದಲ್ಲಿ ರಿಪೇರಿ ಮಾಡಿ, ಸರಟೋಗಾ ಕ್ಯಾರಿಯರ್‌ನ ಸ್ಕ್ವಾಡ್ರನ್‌ಗಳನ್ನು ಅದಕ್ಕೆ ತುಂಬಿ ಕಳಿಸಿದರು. ಐದನೇ ಕ್ಯಾರಿಯರ್ ಇದ್ದಿದ್ದರೆ ಉಣಕಲ್ ಅವರು ಈ ಪ್ರಶ್ನೆ ಕೇಳಬೇಕಾಗಿಯೇ ಇರಲಿಲ್ಲ. ಇದು ಟೋಕಿಯೊದಲ್ಲಿ ಕುಳಿತವರ ತಪ್ಪು.

ಮುಳಗುಂದ_ನಾಕಾ (ಗದಗ)

ತಮ್ಮಾ, ಈ ಚರ್ಚೆ ನನಗೂ ಕಾಣುತ್ತದೆ. ನಿನ್ನ ಹ್ಯಾಂಗರಿನಲ್ಲಿ ಏನೇನಿದೆ ಎಂದು ಪೂರ್ತಿ ಓದಿದೆ.

ಉಣಕಲ್_ಕೆರೆ

ಅಣ್ಣಾ! ನೀವು ಇಲ್ಲಿದ್ದೀರಾ?

ಗೋಕುಲ_ರೋಡ್

ಈ ಟರ್ನ್ ನಡೆಯುವುದಿಲ್ಲ. ಶತ್ರುವಿಗೆ ಎಲ್ಲ ಗೊತ್ತಾದ ಮೇಲೆ ಆಟ ಏನು ಉಳಿಯಿತು? ಹಿಂದಿನ ಸೇವ್‌ನಿಂದ ಮತ್ತೆ ಶುರು ಮಾಡಿ.

ಮುಳಗುಂದ_ನಾಕಾ

ನಿಲ್ಲಿ, ನಿಲ್ಲಿ. ನನ್ನ ಆದೇಶ ನಾನು ಇವನು ಇಲ್ಲಿ ಬರೆಯುವ ಮುಂಚೆಯೇ ಕಳಿಸಿದ್ದೇನೆ. ಫೈಲ್ ಇವನ ಮೇಲ್‌ನಲ್ಲಿದೆ, ತಾರೀಖು ನೋಡಬಹುದು. ಆಟ ಇಬ್ಬರ ಆದೇಶವನ್ನೂ ಒಟ್ಟಿಗೇ ನಡೆಸುತ್ತದೆ, ನಾನು ಬದಲಿಸಲು ಬರುವುದಿಲ್ಲ. ಅದಕ್ಕೇ ಈ ಟರ್ನ್‌ಗೆ ಅಡ್ಡಿ ಇಲ್ಲ. ಮುಂದಿನದಕ್ಕೆ ಎಚ್ಚರ ಇರಲಿ. ನಾನು ಎಲ್ಲಿದ್ದೇನೆ, ಎಷ್ಟಿದ್ದೇನೆ ಎಂದು ಕೇಳಬೇಡಿ.

ಅಮೆರಿಕದ ಕಡೆಯಿಂದ ಎಲ್ಲರಿಗೂ ಗೊತ್ತಿರುವ ಒಂದು ಮಾತು ಮಾತ್ರ ಹೇಳುತ್ತೇನೆ. ಜಪಾನಿನವರು ನಾಲ್ಕೂ ಕ್ಯಾರಿಯರ್‌ನ ವಿಮಾನಗಳನ್ನು ಸೇರಿಸಿ ಒಂದೇ ದಾಳಿ ಮಾಡುತ್ತಿದ್ದರು. ಮಿಡ್‌ವೇಗೆ ಬೆಳಗ್ಗೆ 4:30ಕ್ಕೆ 108 ವಿಮಾನ ಒಂದೇ ಗುಂಪಾಗಿ ಹೊರಟವು. 1942ರ ಅಮೆರಿಕದ ಕೈಲಿ ಅದು ಆಗುತ್ತಿರಲಿಲ್ಲ. ಪ್ರತಿ ಹಡಗಿನ ವಿಮಾನ ಬೇರೆ ಬೇರೆ ಹೋಗುತ್ತವೆ, ಒಂದೇ ಹಡಗಿನವೂ ದಾರಿಯಲ್ಲಿ ಚದುರುತ್ತವೆ. ಗಾಳಿಯ ಕಾಟ ಬೇರೆ. ಅವತ್ತು ಗಾಳಿ ಆಗ್ನೇಯದಿಂದ, ಅದೂ ಮೆಲ್ಲಗೆ ಬೀಸುತ್ತಿತ್ತು. ವಿಮಾನ ಏರಬೇಕೆಂದರೆ ಹಡಗು ಗಾಳಿಗೆ ಎದುರಾಗಿ ಜೋರಾಗಿ ಓಡಬೇಕು. ಅಂದರೆ ಪ್ರತಿ ಸಲ ಶತ್ರುವಿಗೆ ಬೆನ್ನು ಹಾಕಿ ದೂರ ಓಡಬೇಕು. ನಮ್ಮ ಕಪ್ಪತಗುಡ್ಡದ ಗಾಳಿಯಂತ್ರಗಳು ಗಾಳಿ ಬಂದ ಕಡೆ ಮುಖ ತಿರುಗಿಸುತ್ತವಲ್ಲ, ಇಲ್ಲಿ ಇಡೀ ಹಡಗುಪಡೆ ಹಾಗೆ ತಿರುಗಬೇಕು. ಆ ಗಂಟೆಗಳಲ್ಲಿ ಶತ್ರು ಇನ್ನಷ್ಟು ದೂರ ಹೋಗುತ್ತಾನೆ. ಎಸ್‌ಬಿಡಿ ಡೈವ್ ಬಾಂಬರ್‌ಗೆ ಸಾವಿರ ಪೌಂಡ್ ಬಾಂಬು ಕಟ್ಟಿದರೆ 200 ಮೈಲಿ ಆಚೆಗೆ ಎದೆ ಡವಡವ ಅನ್ನುತ್ತದೆ.

ಲಕ್ಕುಂಡಿ_ಕಲ್ಲು

ದೂರದ ವಿಷಯ ಬಂದಿದ್ದಕ್ಕೆ. 1944ರ ಜೂನ್ 20ರಂದು ಫಿಲಿಪ್ಪೀನ್ ಸಮುದ್ರದಲ್ಲಿ ಅಮೆರಿಕದ ಅಡ್ಮಿರಲ್ ಮಿಷರ್ ಸಂಜೆ ಹೊತ್ತಿಗೆ 200ಕ್ಕೂ ಹೆಚ್ಚು ವಿಮಾನ ಕಳಿಸಿದ. ಶತ್ರು ಅಂದುಕೊಂಡಿದ್ದಕ್ಕಿಂತ ದೂರ ಇದ್ದಾನೆ ಎಂದು ಆಮೇಲೆ ತಿಳಿಯಿತು. ವಾಪಸ್ ಬರುವಾಗ ಕಗ್ಗತ್ತಲು, ಟ್ಯಾಂಕ್ ಖಾಲಿ. ಜಪಾನಿನ ಸಬ್‌ಮರೀನ್ ಭಯ ಇದ್ದರೂ ಎಲ್ಲ ಹಡಗಿನ ದೀಪ ಹಚ್ಚಿ ಎಂದ. ಆದರೂ ಇಳಿಯುವಾಗ, ನೀರಿಗೆ ಬಿದ್ದು ಹೋದದ್ದು ಸುಮಾರು 80. ಜನರಲ್ಲಿ ಹೆಚ್ಚಿನವರನ್ನು ಎತ್ತಿಕೊಂಡರು. ಆಟದಲ್ಲಿ ಕೆಂಪು ಗೆರೆ ದಾಟಿ ವಿಮಾನ ಕಳಿಸುವ ಹುಡುಗರು ಇದನ್ನು ನೆನಪಿಟ್ಟುಕೊಳ್ಳಬೇಕು.

ಗೋಕುಲ_ರೋಡ್

ಚರ್ಚೆ ಎಲ್ಲೆಲ್ಲಿಗೋ ಹೋಯಿತು. ಉಣಕಲ್ ಅವರೇ, ಏನು ತೀರ್ಮಾನ?

ಬ್ಯಾಡಗಿ_ಖಾರ

ನಾನೊಂದು ಕೇಳಲಾ? ಈ ಹಡಗುಗಳು ಎಷ್ಟು ಉದ್ದ ಇರುತ್ತಿದ್ದವು?

ಲಕ್ಕುಂಡಿ_ಕಲ್ಲು

ಅಕಾಗಿ ಸುಮಾರು 260 ಮೀಟರ್. ಹುಬ್ಬಳ್ಳಿ ಸಿದ್ಧಾರೂಢ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್ ಇದೆ. ಒಂದರ ಹಿಂದೆ ಒಂದು ಐದು ಅಕಾಗಿ ನಿಲ್ಲಿಸಿದರೂ ಜಾಗ ಉಳಿಯುತ್ತದೆ. ಆ 260 ಮೀಟರಿನ ಅರ್ಧದಲ್ಲಿ ವಿಮಾನಗಳು ನಿಂತಿರುತ್ತವೆ, ಉಳಿದ ಅರ್ಧದಲ್ಲಿ ಓಡಿ ಏರಬೇಕು.

ಉಣಕಲ್_ಕೆರೆ

ತೀರ್ಮಾನ ಮಾಡಿದೆ, ಟರ್ನ್ ಕಳಿಸಿದೆ. ಈಗ ಹೇಳಬಹುದು.

35 ಡೈವ್ ಬಾಂಬರ್ ಈಗಲೇ ಹೊರಡಿಸಿದೆ, 8 ಜೀರೋ ಜೊತೆಗೆ. ಹಳೆ ನಾವಿಕ ಸರ್ ಬರೆದದ್ದು ಓದಿದ ಮೇಲೆ ಮನಸ್ಸು ಗಟ್ಟಿಯಾಯಿತು. ಬಾಂಬು ಕಟ್ಟಿದ, ಪೆಟ್ರೋಲ್ ತುಂಬಿದ ವಿಮಾನ ನನ್ನ ಹ್ಯಾಂಗರಿನಲ್ಲಿ ಇರುವುದಕ್ಕಿಂತ ಶತ್ರುವಿನ ಮೇಲೆ ಇರುವುದು ಲೇಸು. ಸುತ್ತುವವುಗಳಲ್ಲಿ ಹೆಚ್ಚು ಪೆಟ್ಟಾದವನ್ನು ಮೊದಲೇ ಅಕಾಗಿ, ಕಾಗಾದಲ್ಲಿ ಇಳಿಸಿಕೊಂಡೆ. ಆ ಎರಡರ ಟಾರ್ಪೆಡೊ ಕೆಲಸ ನಿಲ್ಲಿಸಿ, ಪೆಟ್ರೋಲ್ ತುಂಬುವುದನ್ನೂ ಬಿಟ್ಟೆ. ನಾಲ್ಕನ್ನೂ ಒಟ್ಟಿಗೆ ಇಡದೆ ಹಿರ್ಯು, ಸೋರ್ಯುವನ್ನು ಉತ್ತರದ ಮೋಡದ ಪಟ್ಟಿಯ ಕೆಳಗೆ ಕಳಿಸಿದೆ. ಕೋರಲ್ ಸಮುದ್ರದಲ್ಲಿ ಝುಯಿಕಾಕು ಮಳೆಯಲ್ಲಿ ಅಡಗಿ ಉಳಿಯಿತು, ಬಯಲಿನಲ್ಲಿದ್ದ ಶೋಕಾಕು ಬಾಂಬು ತಿಂದಿತು. ಅದು ತಲೆಯಲ್ಲಿತ್ತು.

ಸಪ್ತಾಪುರ_ಬಾವಿ

ಎರಡು ಭಾಗ ಮಾಡಿದ್ದು ನನಗೆ ಇಷ್ಟವಾಗಲಿಲ್ಲ. ಮೊದಲೇ ರೇಡಾರ್ ಇಲ್ಲ. ಕಾವಲಿನ ಜೀರೋಗಳು ಎರಡು ಕಡೆ ಹಂಚಿಹೋದರೆ ಎರಡೂ ಕಡೆ ತೆಳ್ಳಗಾಗುತ್ತವೆ.

ಉಣಕಲ್_ಕೆರೆ

ಫಲಿತಾಂಶ ಬಂತು. ಡೈವ್ ಬಾಂಬರ್‌ಗಳು ಹೋಗಿ ಮುಟ್ಟಿದವು. ಅರ್ಧಕ್ಕರ್ಧ ವಾಪಸ್ ಬರಲಿಲ್ಲ. "ಕ್ಯಾರಿಯರ್ ಮೇಲೆ ನಾಲ್ಕು ಬಾಂಬು, ದಟ್ಟ ಹೊಗೆ, ಮುಳುಗುತ್ತಿದೆ" ಎಂದು ಪೈಲಟ್‌ಗಳ ವರದಿ. 10:10ಕ್ಕೆ ಅಣ್ಣನ ಡೈವ್ ಬಾಂಬರ್ ಬಂದವು. ಕಾಗಾ ಹೋಯಿತು. ಅಕಾಗಿಗೆ ಎರಡು ಬಾಂಬು ಬಿದ್ದವು, ಬೆಂಕಿ ಹತೋಟಿಗೆ ಬಂದಿದೆ, ಡೆಕ್ ಕೆಲಸಕ್ಕೆ ಬರುವುದಿಲ್ಲ. ಸೋರ್ಯು, ಹಿರ್ಯು ಮೋಡದ ಕೆಳಗೆ ಹಾಗೇ ಇವೆ.

ಗೋಕುಲ_ರೋಡ್

ನೋಡಿ! ಎರಡು ಉಳಿದವು. ನಗುಮೊಗೆ ಉಳಿದದ್ದು ಒಂದು.

ಸಪ್ತಾಪುರ_ಬಾವಿ

ನೀರಿಗೆ ಬಿದ್ದವು ಎಷ್ಟು ಎಂದು ಅವರು ಇನ್ನೂ ಹೇಳಿಲ್ಲ.

ಉಣಕಲ್_ಕೆರೆ

ಇಳಿಯಲು ಕಾಯುತ್ತಿದ್ದವುಗಳಲ್ಲಿ 14 ಬಿದ್ದವು. ಅದು ದೊಡ್ಡ ನಷ್ಟವೇ. ಅದರಲ್ಲಿ 9 ಜೀರೋ.

ಈಗ ಹೊಸ ತೊಡಕು. ಆಟದಲ್ಲಿ ಮಧ್ಯಾಹ್ನ 1:00. ಹಿರ್ಯುದಲ್ಲಿ 10 ಟಾರ್ಪೆಡೊ ವಿಮಾನ ತಯಾರಿವೆ. ಸ್ಕೌಟ್ ವರದಿ: "ಒಂದು ಕ್ಯಾರಿಯರ್, ಹೊಗೆ ಇಲ್ಲ, ಪೆಟ್ಟಾದಂತಿಲ್ಲ." ಮೊದಲಿನ ಜಾಗದಿಂದ ಸುಮಾರು 30 ಮೈಲಿ ದೂರ. ಇದು ಎರಡನೇ ಕ್ಯಾರಿಯರ್ ಅಲ್ವಾ?

ಕೆಲಗೇರಿ_ದಂಡೆ

ಹುಷಾರ್. ಇದೇ ಜಾಗದಲ್ಲಿ ಹಿರ್ಯುದ ಪೈಲಟ್ ತೊಮೊನಾಗ ಮೋಸಹೋದ. ಬೆಳಗಿನ ದಾಳಿಯಲ್ಲಿ ತನ್ನ ವಿಮಾನದ ಎಡರೆಕ್ಕೆಯ ಟ್ಯಾಂಕ್ ಒಡೆದಿದ್ದರೂ, ವಾಪಸ್ ಬರಲು ಆಗುವುದಿಲ್ಲ ಎಂದು ತಿಳಿದೂ ಹೊರಟ. ಹೊಗೆ ಇಲ್ಲದೆ ಓಡುತ್ತಿದ್ದ ಕ್ಯಾರಿಯರ್ ಕಂಡು ಇದು ಬೇರೆಯೇ ಎಂದುಕೊಂಡರು. ಅದು ಮತ್ತೆ ಯಾರ್ಕ್‌ಟೌನೇ! ಎರಡು ಗಂಟೆಯಲ್ಲಿ ಬೆಂಕಿ ಆರಿಸಿ, ಡೆಕ್‌ಗೆ ಮರದ ಹಲಗೆ ಹೊಡೆದು, ಬಾಯ್ಲರ್ ಹಚ್ಚಿ 19 ನಾಟ್ ವೇಗಕ್ಕೆ ಬಂದಿತ್ತು. ಎರಡು ಕ್ಯಾರಿಯರ್ ಹೊಡೆದೆವು ಎಂದು ಹಿರ್ಯುದವರು ನಂಬಿದರು. ಅಮೆರಿಕದ ಉಳಿದ ಕ್ಯಾರಿಯರ್ ಎಂಟರ್‌ಪ್ರೈಸ್, ಹಾರ್ನೆಟ್ ಎರಡಕ್ಕೂ ಒಂದು ಪೆಟ್ಟೂ ಬಿದ್ದಿರಲಿಲ್ಲ. ಸಂಜೆ ಐದರ ಹೊತ್ತಿಗೆ ಹಿರ್ಯುವೂ ಹೊತ್ತಿ ಉರಿಯಿತು. ವರದಿಯಲ್ಲಿ ವೇಗ ಎಷ್ಟಿದೆ ನೋಡಿ.

ಉಣಕಲ್_ಕೆರೆ

25 ನಾಟ್ ಎಂದಿದೆ.

ಕೆಲಗೇರಿ_ದಂಡೆ

ಹಾಗಾದರೆ ನಾಲ್ಕು ಬಾಂಬು ತಿಂದ ಹಡಗು ಇದಲ್ಲ. ಅಥವಾ ನಿಮ್ಮ ಪೈಲಟ್‌ಗಳು ಹೇಳಿದ ನಾಲ್ಕು ಬಾಂಬೇ ಸುಳ್ಳು. ಇನ್ನೊಂದು ಸ್ಕೌಟ್ ಕಳಿಸಿ, ಹಳೆಯ ಜಾಗದಲ್ಲಿ ಹೊಗೆ ಇದೆಯಾ ನೋಡಿಸಿ. ಅದು ಬರುವ ತನಕ ಹಿರ್ಯುವನ್ನು ವಾಯವ್ಯಕ್ಕೆ ಓಡಿಸಿ. ಟಾರ್ಪೆಡೊ ವಿಮಾನ ಡೆಕ್ ಮೇಲೆ ಇರಲಿ, ಹ್ಯಾಂಗರಿನಲ್ಲಿ ಬೇಡ.

ಲಕ್ಕುಂಡಿ_ಕಲ್ಲು

ಆ ಸ್ಕೌಟ್‌ಗೆ ಬಾಂಬು ಕಟ್ಟಿ ಕಳಿಸಲು ಆಟ ಬಿಡುತ್ತದಾ? ಸಾಂತಾ ಕ್ರೂಜ್ ಯುದ್ಧದಲ್ಲಿ 1942ರ ಅಕ್ಟೋಬರ್ 26ರಂದು ಅಮೆರಿಕದ ಎರಡೇ ಎಸ್‌ಬಿಡಿ, ಸ್ಕೌಟಿಂಗ್‌ಗೆ ಬಂದವು, 500 ಪೌಂಡ್ ಬಾಂಬು ಹಾಕಿ ಜಪಾನಿನ ಝುಯಿಹೊ ಕ್ಯಾರಿಯರ್‌ನ ಡೆಕ್ ಒಡೆದು ಹೋದವು.

ಉಣಕಲ್_ಕೆರೆ

ಸೋರ್ಯುದ ಡೈವ್ ಬಾಂಬರ್ ಮೂರನ್ನು ಹಾಗೆ ಕಳಿಸಬಹುದು. ಮಾಡುತ್ತೇನೆ. ಅಣ್ಣಾ, ಇನ್ನು ಮುಂದೆ ನೀವು ಇದನ್ನು ಓದುವಂತಿಲ್ಲ.

ಮುಳಗುಂದ_ನಾಕಾ

ಕ್ಯಾರಿಯರ್ ವರದಿ ಬಂದಲ್ಲಿಗೆ ಓದುವುದು ನಿಲ್ಲಿಸಿದೆ, ಆಮೇಲಿನದು ನೋಡಿಲ್ಲ. ಈ ಟರ್ನ್‌ನ ನನ್ನ ಆದೇಶವೂ ಆಗಲೇ ನಿನ್ನ ಮೇಲ್‌ಗೆ ಬಂದಿದೆ. ನಿನ್ನದು ಭಾನುವಾರ ರಾತ್ರಿ ಹತ್ತರೊಳಗೆ ಕಳಿಸು ತಮ್ಮಾ, ಸೋಮವಾರ ನನಗೆ ಬೆಳಗಿನ ಪಾಳಿ ಇದೆ.